ಇಸಾಂಗ್ ಯುನ್: ವೀಣೆ ಕಲಿಯುವವರ ಕಿವಿಗೆ ಒಂದು ಟಿಪ್ಪಣಿ

ಸಂಯೋಜಕ ಇಸಾಂಗ್ ಯುನ್ ಅವರ ಜೀವನಚರಿತ್ರೆ ಬೇಗ ಮುಗಿಸೋಣ. 1917ರಲ್ಲಿ ಕೊರಿಯಾದಲ್ಲಿ ಹುಟ್ಟು. 1956ರಲ್ಲಿ ಪ್ಯಾರಿಸ್, ಮರುವರ್ಷ ಬರ್ಲಿನ್. ಅಲ್ಲಿ ಕಲಿತದ್ದು ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಷೋನ್‌ಬರ್ಗ್ ಪದ್ಧತಿ. 1966ರ ವಾದ್ಯವೃಂದದ ಕೃತಿ ‘ರೇಆಕ್’ ಹೆಸರು ತಂದಿತು. ಮರುವರ್ಷವೇ ದಕ್ಷಿಣ ಕೊರಿಯಾದ ಗುಪ್ತಚರರು ಅವರನ್ನು ಬರ್ಲಿನ್‌ನಿಂದ ಹೊತ್ತೊಯ್ದರು. ಬೇಹುಗಾರಿಕೆಯ ಆರೋಪದ ಮೇಲೆ ಜೀವಾವಧಿ ಶಿಕ್ಷೆಯಾಯಿತು. ಸ್ಟ್ರಾವಿನ್‌ಸ್ಕಿಯಂಥ ಸಂಯೋಜಕರು ಬಿಡುಗಡೆಯ ಮನವಿಗೆ ಸಹಿ ಹಾಕಿದರು, 1969ರಲ್ಲಿ ಬಿಡುಗಡೆ. ಸೆರೆಮನೆಯಲ್ಲೂ ಆಪೆರಾ ಬರೆದ ಮನುಷ್ಯ! 1995ರಲ್ಲಿ ಬರ್ಲಿನ್‌ನಲ್ಲೇ ತೀರಿಕೊಂಡರು.

ತೊಡಕು ಇರುವುದು ‘ಹೌಪ್ಟ್‌ಟೋನ್’ನಲ್ಲಿ, ಅಂದರೆ ಅವರ ಮುಖ್ಯಸ್ವರ ತಂತ್ರದಲ್ಲಿ. ಒಂದು ಸ್ವರ ಹಿಡಿಯುತ್ತಾರೆ. ಅದಕ್ಕೂ ಮುಂಚೆ ಚಿಕ್ಕ ಸ್ವರಗಳ ಗೊಂಚಲು. ಆಮೇಲೆ ಸ್ವರ ನೀಳವಾಗಿ ನಿಲ್ಲುತ್ತದೆ, ಕಂಪಿಸುತ್ತದೆ, ಜಾರುತ್ತದೆ, ಉಬ್ಬಿ ತಗ್ಗಿ ಕರಗುತ್ತದೆ. ‘ಇದು ಸ್ವರವನ್ನು ಅಲುಗಿಸುವ ನಮ್ಮ ಗಮಕವೇ ಅಲ್ಲವೇ, ಕಂಪಿತ, ಜಾರು?’ ಎಂದು ಯಾರಿಗಾದರೂ ಅನಿಸುತ್ತದೆ. ಅರ್ಧ ಸರಿ.

ತೋಡಿ ರಾಗದ ಗಾಂಧಾರ ನೋಡಿ. ಎಷ್ಟೇ ತೂಗಾಡಲಿ, ಹಿಂದೆ ತಂಬೂರಿಯ ಷಡ್ಜ ಇದೆ, ಅಕ್ಕಪಕ್ಕ ರಿಷಭ, ಮಧ್ಯಮ ಕಾಯುತ್ತಿವೆ. ಅಲುಗಾಟ ಎಷ್ಟಿರಬೇಕು ಎಂದು ತೀರ್ಮಾನಿಸುವುದು ರಾಗ. ಯುನ್ ಅವರಲ್ಲಿ ರಾಗವೂ ಇಲ್ಲ, ಷಡ್ಜವೂ ಇಲ್ಲ. ಹನ್ನೆರಡು ಸ್ವರಗಳಲ್ಲಿ ಯಾವುದೂ ಯಜಮಾನ ಅಲ್ಲದ ಕಡೆ, ಹಿಡಿದ ಸ್ವರವೇ ಸ್ವಲ್ಪ ಹೊತ್ತು ಆಧಾರವಾಗುತ್ತದೆ; ಅದು ಕರಗಿದ ಮೇಲೆ ಇನ್ನೊಂದು. ಗಮಕ ರಾಗವನ್ನು ತೋರಿಸಿದರೆ, ಇಲ್ಲಿನ ಅಲುಗಾಟ ಆ ಸ್ವರವನ್ನೇ ತೋರಿಸುತ್ತದೆ. ಪರೀಕ್ಷೆಯಲ್ಲಿ ಈ ಒಂದು ವ್ಯತ್ಯಾಸ ಬರೆದರೂ ಸಾಕು.

ಇನ್ನೊಂದು ಮಾತು, ಮೈಸೂರು ಬಾನಿಯಲ್ಲಿ, ಅಂದರೆ ಮೈಸೂರು ಶೈಲಿಯಲ್ಲಿ, ವೀಣೆ ನುಡಿಸುವ ನಮಗೆ ಮುಖ್ಯ. ನಮ್ಮಲ್ಲಿ ಮೀಟಿಗೆ ಒತ್ತು. ಮೀಟಿದ ಕ್ಷಣದಲ್ಲೇ ನಾದದ ಗಾತ್ರ ತುದಿ ಮುಟ್ಟಿ ಇಳಿಯತೊಡಗುತ್ತದೆ. ತಂತಿ ಎಳೆದು ಶ್ರುತಿ ಏರಿಸಬಹುದು, ಆದರೆ ನಾದದ ಗಾತ್ರವನ್ನು ನಡುವೆ ಉಬ್ಬಿಸಲು ಆಗದು. ಯುನ್ ಅವರ ಸ್ವರಕ್ಕೆ ಆ ಉಬ್ಬೇ ಬೇಕು. ಆದ್ದರಿಂದ ಈ ತಂತ್ರ ಉಸಿರಿನ ವಾದ್ಯಗಳಲ್ಲಿ ಬೇಗ ತಿಳಿಯುತ್ತದೆ: ಕೊಳಲು-ಪಿಯಾನೊ ಜೋಡಿಗೆ ಬರೆದ ‘ಗಾರಾಕ್’ (1963), ಒಂಟಿ ಓಬೋಗೆ ಬರೆದ ‘ಪಿರಿ’ (1971). ಪಿರಿ ಎನ್ನುವುದು ಕೊರಿಯಾದ ಒಂದು ಓಲಗದಂಥ ವಾದ್ಯ.

ಮೊದಲು ‘ಪಿರಿ’ ಕೇಳಿ, ದಯವಿಟ್ಟು ತಂಬೂರಿ ಆ್ಯಪ್ ಆಫ್ ಮಾಡಿ. ‘ರೇಆಕ್’ ಆಮೇಲೆ, ಅದರಲ್ಲಿ ಒಂದು ಸ್ವರದ ಕೆಲಸವನ್ನು ವಾದ್ಯಗಳ ಗುಂಪುಗಳೇ ಮಾಡುತ್ತವೆ.