ಫೋನಿಗೆ ಸಿಗುವ ವೈಫೈ ಟಿವಿಗೆ ಮಾತ್ರ ಏಕೆ ಸಿಗುವುದಿಲ್ಲ?

ಓದುಗರ ಪ್ರಶ್ನೆ: ನಮ್ಮ ಸ್ಮಾರ್ಟ್ ಟಿವಿ ಮನೆಯ ವೈಫೈಗೆ ಕನೆಕ್ಟ್ ಆಗುತ್ತಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತಿದ್ದೇವೆ. ಅದೇ ವೈಫೈ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿಯೇ ನಡೆಯುತ್ತಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದ್ದೂ ಆಯಿತು. ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಿಬಿಡಲೇ? ಅಥವಾ ಟಿವಿಯೇ ಕೆಟ್ಟಿದೆಯೇ?

ಉತ್ತರ: ಫ್ಯಾಕ್ಟರಿ ರೀಸೆಟ್ ಸದ್ಯಕ್ಕೆ ಬೇಡ. ಅದು ನಿಮ್ಮ ಆ್ಯಪ್‌ಗಳನ್ನು, ಲಾಗಿನ್‌ಗಳನ್ನು, ಚಿತ್ರ ಮತ್ತು ಧ್ವನಿಗೆ ನೀವು ಹೊಂದಿಸಿಕೊಂಡ ಸೆಟ್ಟಿಂಗ್‌ಗಳನ್ನು ಎಲ್ಲ ಅಳಿಸಿಹಾಕುತ್ತದೆ. ತೊಂದರೆ ರೂಟರ್ ಕಡೆ ಇದ್ದರೆ ಇಷ್ಟೆಲ್ಲ ಕಳೆದುಕೊಂಡ ಮೇಲೂ ಟಿವಿ ಅದೇ ತಪ್ಪು ಸಂದೇಶ ತೋರಿಸುತ್ತ ಕೂತಿರುತ್ತದೆ. ಮೊದಲು ತೊಂದರೆ ಯಾವ ಕಡೆ ಇದೆ ಎಂದು ತಿಳಿಯಬೇಕು. ಅದಕ್ಕೆ ಐದು ನಿಮಿಷ ಸಾಕು, ಬೇಕಾಗುವುದು ನಿಮ್ಮ ಫೋನ್ ಒಂದೇ.

ಫೋನಿನ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಫೋನನ್ನು ಟಿವಿಯ ಹತ್ತಿರ ಇಟ್ಟು, ಟಿವಿಯನ್ನು ಆ ಹಾಟ್‌ಸ್ಪಾಟಿಗೆ ಕನೆಕ್ಟ್ ಮಾಡಿ ನೋಡಿ. ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ (ತರಂಗ ಪಟ್ಟಿ) ಆರಿಸುವ ಅವಕಾಶವಿದ್ದರೆ 2.4 ಗಿಗಾಹರ್ಟ್ಸ್ ಇಡಿ. ಐಫೋನ್ 12 ಅಥವಾ ಅದರ ನಂತರದ ಮಾದರಿಯಾದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಆಯ್ಕೆ ಅದೇ ಕೆಲಸ ಮಾಡುತ್ತದೆ. ಕನೆಕ್ಟ್ ಆಯಿತೆಂದರೆ ಟಿವಿಯ ವೈಫೈ ಭಾಗ ಜೀವಂತವಾಗಿದೆ; ಟಿವಿಗೂ ನಿಮ್ಮ ರೂಟರಿಗೂ ನಡುವೆ ಯಾವುದೋ ಸೆಟ್ಟಿಂಗ್ ಹೊಂದುತ್ತಿಲ್ಲ ಅಷ್ಟೇ. ಹಾಟ್‌ಸ್ಪಾಟಿಗೂ ಆಗಲಿಲ್ಲವೆಂದರೆ ಹುಡುಕಾಟ ಟಿವಿಯ ಒಳಗೆ ಸಾಗಬೇಕು. ಪರೀಕ್ಷೆ ಮುಗಿದೊಡನೆ ಹಾಟ್‌ಸ್ಪಾಟ್ ಆಫ್ ಮಾಡಿ, ಇಲ್ಲದಿದ್ದರೆ ಟಿವಿ ಅಪ್‌ಡೇಟ್ ಇಳಿಸಿಕೊಳ್ಳಲು ಶುರು ಮಾಡಿ ನಿಮ್ಮ ಮೊಬೈಲ್ ಡೇಟಾ ಖಾಲಿ ಮಾಡೀತು.

‘ಫೋನಿನಲ್ಲಿ ಚೆನ್ನಾಗಿದೆ’ ಎಂಬ ಮಾತನ್ನೂ ಒಮ್ಮೆ ಖಚಿತ ಮಾಡಿಕೊಳ್ಳಿ. ವೈಫೈಯಲ್ಲಿ ಇಂಟರ್ನೆಟ್ ಇಲ್ಲದಾಗ ಎಷ್ಟೋ ಫೋನ್‌ಗಳು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತವೆ. ಮೊಬೈಲ್ ಡೇಟಾ ಆಫ್ ಮಾಡಿ, ಟಿವಿ ಇರುವ ಜಾಗದಲ್ಲೇ ನಿಂತು ಒಂದು ವಿಡಿಯೊ ಹಾಕಿ ನೋಡಿ. ರೂಟರ್ ಪಕ್ಕದ ಕೋಣೆಯಲ್ಲಿ ಕೂತು ನೋಡಿದರೆ ಟಿವಿಯ ಕಷ್ಟ ಗೊತ್ತಾಗುವುದಿಲ್ಲ.

ಇನ್ನು ಆಫ್ ಮಾಡಿ ಆನ್ ಮಾಡುವ ವಿಷಯ. ರೂಟರ್ ಆಫ್ ಮಾಡಿದಿರಿ, ಟಿವಿ? ರಿಮೋಟ್‌ನಿಂದ ಆಫ್ ಮಾಡಿದ ಟಿವಿ ನಿಜವಾಗಿ ಆಫ್ ಆಗಿರುವುದಿಲ್ಲ, ಸ್ಟ್ಯಾಂಡ್‌ಬೈನಲ್ಲಿ ಮಲಗಿರುತ್ತದೆ. ಬೇಗ ಆನ್ ಆಗಲೆಂದು ತನ್ನ ಸ್ಥಿತಿಯನ್ನು ನೆನಪಿನಲ್ಲಿ ಹಿಡಿದುಕೊಂಡೇ ಇರುತ್ತದೆ. ವೈಫೈ ಭಾಗ ಎಲ್ಲೋ ಸಿಕ್ಕಿಕೊಂಡಿದ್ದರೆ ಆ ಸಿಕ್ಕನ್ನೂ ಹಾಗೇ ಇಟ್ಟುಕೊಳ್ಳುತ್ತದೆ. ಟಿವಿಯ ಪ್ಲಗ್ಗನ್ನೇ ಗೋಡೆಯ ಸಾಕೆಟ್‌ನಿಂದ ಕಿತ್ತು, ರೂಟರನ್ನೂ ಆಫ್ ಮಾಡಿ, ಒಂದು ನಿಮಿಷ ಬಿಡಿ. ರೂಟರನ್ನು ಮೊದಲು ಆನ್ ಮಾಡಿ, ಅದರ ದೀಪಗಳು ಸ್ಥಿರವಾಗಿ ಇಂಟರ್ನೆಟ್ ಬಂದ ಮೇಲೆ ಟಿವಿ ಆನ್ ಮಾಡಿ. ಬರೀ ಇಷ್ಟರಿಂದಲೇ ಸರಿಹೋಗುವ ಟಿವಿಗಳು ಬಹಳ.

ಸರಿಹೋಗಲಿಲ್ಲವೇ? ಹಾಗಾದರೆ ಟಿವಿ ನಿಖರವಾಗಿ ಏನು ಹೇಳುತ್ತಿದೆ ಎಂದು ನೋಡಿ. ‘ಕನೆಕ್ಟ್ ಆಗುತ್ತಿಲ್ಲ’ ಎಂಬ ಒಂದೇ ದೂರಿನ ಒಳಗೆ ಬೇರೆಬೇರೆ ತೊಂದರೆಗಳಿರುತ್ತವೆ, ಒಂದೊಂದಕ್ಕೂ ಮದ್ದು ಬೇರೆ.

ಪಟ್ಟಿಯಲ್ಲಿ ನಿಮ್ಮ ವೈಫೈ ಹೆಸರೇ ಕಾಣದಿದ್ದರೆ

ಇದು ಹೆಚ್ಚಾಗಿ ಬ್ಯಾಂಡ್‌ನ ತೊಂದರೆ. ಮನೆಯ ವೈಫೈ ಮುಖ್ಯವಾಗಿ ಎರಡು ತರಂಗ ಪಟ್ಟಿಗಳಲ್ಲಿ ನಡೆಯುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. ಎರಡನೆಯದು ವೇಗ, ಆದರೆ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಹಳೆಯ ಮತ್ತು ಅಗ್ಗದ ಮಾದರಿಯ ಹಲವು ಟಿವಿಗಳಿಗೆ 2.4 ಮಾತ್ರ ಗೊತ್ತು. ನಿಮ್ಮ ರೂಟರ್‌ನಲ್ಲಿ 2.4 ಆಫ್ ಆಗಿದ್ದರೆ, ಅಥವಾ ನೀವು ಹುಡುಕುತ್ತಿರುವ ಹೆಸರು 5 ಗಿಗಾಹರ್ಟ್ಸ್‌ನದಾಗಿದ್ದರೆ, ಅಂಥ ಟಿವಿಗೆ ಅದು ಇಲ್ಲವೇ ಇಲ್ಲ. ಫೋನಿಗೆ ಎರಡೂ ಕಾಣುವುದರಿಂದ ನಮಗೆ ಅನುಮಾನವೇ ಬರುವುದಿಲ್ಲ.

ಎರಡೂ ಬ್ಯಾಂಡ್ ತಿಳಿದಿರುವ ಟಿವಿಯಲ್ಲೂ ಒಂದು ಸೂಕ್ಷ್ಮವಿದೆ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ನಿನ್ನೆಯವರೆಗೂ ಸರಿಯಿತ್ತು, ಇವತ್ತು ಏಕಾಏಕಿ ಇಲ್ಲ, ಯಾರೂ ಏನೂ ಮುಟ್ಟಿಲ್ಲ’ ಎಂಬ ಗೋಳಿನ ಹಿಂದೆ ಇದು ಅಡಗಿರಬಹುದು. ಪ್ರತಿ ಬ್ಯಾಂಡ್ ಚಾನೆಲ್ ಎಂಬ ಸಣ್ಣ ಸಣ್ಣ ಭಾಗಗಳಾಗಿ ಹಂಚಿಹೋಗಿದೆ (ಟಿವಿ ಚಾನೆಲ್ ಅಲ್ಲ). 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹವಾಮಾನ ರೇಡಾರ್‌ನಂಥ ಸಾಧನಗಳ ಜೊತೆ ಹಂಚಿಕೊಳ್ಳಬೇಕು. ರೇಡಾರ್ ಸದ್ದು ಕೇಳಿದರೆ ರೂಟರ್ ಆ ಚಾನೆಲ್ ಬಿಟ್ಟು ಹೋಗಬೇಕೆಂಬುದು ನಿಯಮ. ಈ ಚಾನೆಲ್‌ಗಳನ್ನು ಎಲ್ಲ ಟಿವಿಗಳೂ ಹಿಡಿಯುವುದಿಲ್ಲ. ರೂಟರ್‌ನಲ್ಲಿ ಚಾನೆಲ್ ‘ಆಟೊ’ ಎಂದಿದ್ದರೆ ಅದು ರಾತ್ರಿ ತನ್ನಷ್ಟಕ್ಕೆ 44ರಿಂದ 100ಕ್ಕೆ ಸರಿದಿರಬಹುದು. ಬೆಳಗ್ಗೆ ಟಿವಿಯ ಪಟ್ಟಿಯಿಂದ ಹೆಸರು ಮಾಯ. ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ 5 ಗಿಗಾಹರ್ಟ್ಸ್‌ಗೆ 36, 40, 44, 48ರಲ್ಲಿ ಒಂದನ್ನು ಗಟ್ಟಿಯಾಗಿ ಆರಿಸಿ. 2.4ರಲ್ಲೂ ಇಂಥದೇ ತೊಡಕು ಉಂಟು: ಕೆಲವು ದೇಶಗಳಿಗಾಗಿ ತಯಾರಾದ ಟಿವಿಗಳು 12 ಮತ್ತು 13ನೇ ಚಾನೆಲ್ ನೋಡುವುದಿಲ್ಲ. ಅಲ್ಲಿ 1, 6 ಅಥವಾ 11 ಇಡಿ. ಇವು ಮೂರೂ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಹಾಗಾಗಿ ನೆರೆಮನೆಯ ವೈಫೈಗಳ ಗದ್ದಲವೂ ಕಡಿಮೆ.

ನೆರೆಮನೆಯ ಹೆಸರುಗಳು ಕಾಣುತ್ತ ನಿಮ್ಮದು ಮಾತ್ರ ಕಾಣದಿದ್ದರೆ ಮೇಲಿನದ್ದೇ ಕಾರಣವಿರಬಹುದು, ಅಥವಾ ರೂಟರ್ ತನ್ನ ಹೆಸರನ್ನು ಬಚ್ಚಿಟ್ಟಿರಬಹುದು. ಯಾರ ಹೆಸರೂ ಕಾಣದಿದ್ದರೆ ಟಿವಿಯ ವೈಫೈ ಭಾಗದ ಮೇಲೆ ಅನುಮಾನಪಡಿ.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಒಪ್ಪುವುದಿಲ್ಲ

ಟಿವಿಯ ರಿಮೋಟ್‌ನಿಂದ ಟೈಪ್ ಮಾಡುವುದು ನಿಜಕ್ಕೂ ಕಷ್ಟದ ಕೆಲಸ. ಪಾಸ್‌ವರ್ಡ್ ಕಾಣಿಸುವ ಆಯ್ಕೆ ಒತ್ತಿ, ಅಕ್ಷರ ಅಕ್ಷರ ನೋಡಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಸೊನ್ನೆ ಮತ್ತು ‘ಓ’, ಕೊನೆಯಲ್ಲಿ ಸೇರಿಕೊಂಡ ಖಾಲಿ ಜಾಗ ಎಲ್ಲ ಪರೀಕ್ಷಿಸಿ. ಟಿವಿ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡಿರಬಹುದು. ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಸೇರಿಸಿ.

ಅಕ್ಷರ ತಪ್ಪದೆ ಹಾಕಿದರೂ ‘ತಪ್ಪು ಪಾಸ್‌ವರ್ಡ್’ ಅಥವಾ ಕೊನೆಯಿಲ್ಲದ ‘ಕನೆಕ್ಟಿಂಗ್’ ಬಂದರೆ ರೂಟರ್‌ನ ಭದ್ರತೆಯ ಬಗೆ ನೋಡಿ. ವೈಫೈಗೆ ಬೀಗ ಹಾಕುವ ಈ ಭದ್ರತಾ ಕ್ರಮಗಳಲ್ಲಿ ಡಬ್ಲ್ಯೂಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಅದಕ್ಕೂ ಹಿಂದಿನ ಟಿವಿಗೆ ಡಬ್ಲ್ಯೂಪಿಎ3 ಎಂದರೇನೆಂದೇ ಗೊತ್ತಿರುವುದಿಲ್ಲ, ಆದರೆ ಅದು ‘ನನಗಿದು ಬಾರದು’ ಎಂದು ಹೇಳುವುದಿಲ್ಲ. ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಮನೆಗೆ ಹೊಸ ರೂಟರ್ ಬಂದ ದಿನವೇ ಟಿವಿ ಕೈಕೊಟ್ಟಿದ್ದರೆ ಮೊದಲು ಇದನ್ನೇ ನೋಡಿ. ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಬೆರೆತ ಮೋಡ್‌ನಲ್ಲಿ ಬಹುತೇಕ ಸಾಧನಗಳು ನಡೆಯುತ್ತವಾದರೂ ಕೆಲವು ಹಳೆಯ ಟಿವಿಗಳು ಅಲ್ಲೂ ಎಡವುತ್ತವೆ.

ಹಾಗೆಂದು ಇಡೀ ಮನೆಯ ಭದ್ರತೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ಒಳ್ಳೆಯ ದಾರಿ ಗೆಸ್ಟ್ ನೆಟ್‌ವರ್ಕ್, ಅಂದರೆ ಅದೇ ರೂಟರ್ ಅತಿಥಿಗಳಿಗೆಂದು ಬೇರೆ ಹೆಸರು, ಬೇರೆ ಪಾಸ್‌ವರ್ಡ್‌ನಲ್ಲಿ ಕೊಡುವ ವೈಫೈ. ಹೆಚ್ಚಿನ ರೂಟರ್‌ಗಳಲ್ಲಿ ಈ ಸೌಲಭ್ಯವಿದೆ. 2.4 ಗಿಗಾಹರ್ಟ್ಸ್ ಮಾತ್ರ, ಡಬ್ಲ್ಯೂಪಿಎ2 ಮಾತ್ರ, ಸರಳ ಇಂಗ್ಲಿಷ್ ಅಕ್ಷರಗಳ ಹೆಸರು, ರಿಮೋಟ್‌ನಿಂದ ಒತ್ತಲು ಸುಲಭವಾದ ಆದರೆ ಉದ್ದವಾದ ಪಾಸ್‌ವರ್ಡ್ ಕೊಟ್ಟು ಟಿವಿಗೆಂದೇ ಒಂದು ಗೆಸ್ಟ್ ನೆಟ್‌ವರ್ಕ್ ತೆರೆಯಿರಿ. ಬ್ಯಾಂಡ್, ಭದ್ರತೆ, ವೈಫೈ ಹೆಸರಿನಲ್ಲಿ ಎಮೋಜಿಯಂಥ ಚಿಹ್ನೆ ಇದ್ದರೆ ಅದು, ಎಲ್ಲ ಅನುಮಾನಗಳೂ ಒಂದೇ ಪ್ರಯತ್ನದಲ್ಲಿ ಪರೀಕ್ಷೆಯಾಗುತ್ತವೆ, ಮನೆಯ ಬೇರೆ ಯಾವ ಸಾಧನಕ್ಕೂ ತೊಂದರೆಯಿಲ್ಲ. ಗೆಸ್ಟ್ ನೆಟ್‌ವರ್ಕ್‌ನಲ್ಲಿರುವ ಸಾಧನಗಳು ಸಾಮಾನ್ಯವಾಗಿ ಮುಖ್ಯ ನೆಟ್‌ವರ್ಕ್‌ನವನ್ನು ನೋಡಲಾರವು, ಹಾಗಾಗಿ ಫೋನಿನಿಂದ ಟಿವಿಗೆ ಕಾಸ್ಟ್ ಮಾಡುವುದು (ಫೋನಿನ ವಿಡಿಯೊವನ್ನು ವೈಫೈ ಮೂಲಕ ಟಿವಿಯಲ್ಲಿ ತೋರಿಸುವುದು) ನಿಲ್ಲಬಹುದು. ಟಿವಿಯ ಒಳಗಿನ ಆ್ಯಪ್‌ಗಳು ಎಂದಿನಂತೆ ನಡೆಯುತ್ತವೆ.

ರೂಟರ್‌ನ ಆ್ಯಪ್ ತೆರೆದಾಗ ಇನ್ನೊಂದನ್ನು ನೋಡಿಬಿಡಿ: ಬ್ಲಾಕ್ ಮಾಡಿದ ಸಾಧನಗಳ ಪಟ್ಟಿ. ಮಕ್ಕಳ ಪರೀಕ್ಷೆಯ ಸಮಯದಲ್ಲಿ ಟಿವಿಯನ್ನು ಬ್ಲಾಕ್ ಮಾಡಿ ಮರೆತವರಿದ್ದಾರೆ.

ಕನೆಕ್ಟ್ ಆಗಿದೆ, ಆದರೆ ಇಂಟರ್ನೆಟ್ ಇಲ್ಲ

ಟಿವಿಯ ನೆಟ್‌ವರ್ಕ್ ಸ್ಟೇಟಸ್ ಪುಟದಲ್ಲಿ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಟಿವಿಯನ್ನು ಗುರುತಿಸುವ ಅಂಕಿಗಳ ವಿಳಾಸ, ನೋಡಿ. ಅದು 192.168 ಅಥವಾ 10ರಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ರೂಟರ್ ವಿಳಾಸ ಕೊಟ್ಟಿದೆ ಎಂದರ್ಥ. 169.254ರಿಂದ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಗದೆ ಟಿವಿ ತಾನೇ ಒಂದನ್ನು ಇಟ್ಟುಕೊಂಡಿದೆ. ಅದರಿಂದ ಹೊರಗೆ ಹೋಗಲಾಗದು. ಐಪಿ ಸೆಟ್ಟಿಂಗ್ ‘ಆಟೊ’ ಅಥವಾ ‘ಡಿಎಚ್‌ಸಿಪಿ’ ಆಗಿದೆಯೇ ನೋಡಿ, ರೂಟರನ್ನು ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿ.

ವಿಳಾಸ ಸರಿಯಿದ್ದೂ ಇಂಟರ್ನೆಟ್ ಇಲ್ಲವೆಂದರೆ ಡಿಎನ್ಎಸ್ ಬದಲಿಸಿ ನೋಡಿ. ಹೆಸರುಗಳನ್ನು ವಿಳಾಸಗಳಾಗಿ ಬದಲಿಸುವ ಸೇವೆ ಅದು. ಐಪಿಯನ್ನು ಆಟೊದಲ್ಲೇ ಬಿಟ್ಟು ಡಿಎನ್ಎಸ್ ಜಾಗದಲ್ಲಿ ಮಾತ್ರ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿ.

ಆಮೇಲೆ ಟಿವಿಯ ದಿನಾಂಕ. ಇದನ್ನು ಯಾರೂ ನೋಡುವುದೇ ಇಲ್ಲ. ಈಗಿನ ಬಹುತೇಕ ಎಲ್ಲ ಸೇವೆಗಳೂ ಭದ್ರತಾ ಪ್ರಮಾಣಪತ್ರ ತೋರಿಸಿಯೇ ಮಾತು ಶುರು ಮಾಡುತ್ತವೆ. ಪ್ರತಿ ಪ್ರಮಾಣಪತ್ರಕ್ಕೂ ಶುರುವಿನ ದಿನ, ಮುಗಿಯುವ ದಿನ ಇರುತ್ತದೆ. ಟಿವಿಯ ಗಡಿಯಾರ 2015 ಎಂದು ತೋರಿಸುತ್ತಿದ್ದರೆ ಇವತ್ತಿನ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಬಾಗಿಲು ತೆರೆಯುವುದಿಲ್ಲ. ದಿನಾಂಕ, ಸಮಯ, ಟೈಮ್ ಜೋನ್ ಮೂರನ್ನೂ ಕೈಯಿಂದ ಸರಿಪಡಿಸಿ. ಟಿವಿ ತೀರಾ ಹಳೆಯದಾದರೆ ಗಡಿಯಾರ ಸರಿಯಿದ್ದೂ ಸಾಲದೆ ಹೋಗಬಹುದು: 2021ರ ಸೆಪ್ಟೆಂಬರ್ 30ರಂದು, ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಹಲವು ಸಾಧನಗಳಿಗೆ ಎಷ್ಟೋ ತಾಣಗಳು ತೆರೆಯದಾದವು. ಇಂಥ ಟಿವಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬೇಕು. ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಫೈಲ್ ಇದ್ದರೆ ಪೆನ್‌ಡ್ರೈವ್‌ನಿಂದ ಹಾಕಬಹುದು.

ಬಂದು ಬಂದು ಹೋಗುವ ವೈಫೈ

ಇದರಲ್ಲಿ ಜಾಗದ ಪಾತ್ರ ದೊಡ್ಡದು. ರೂಟರನ್ನು ಟಿವಿಯ ಹಿಂದೆ ಅಡಗಿಸಿಡಬೇಡಿ. ಟಿವಿಯ ಲೋಹದ ಬೆನ್ನು ತರಂಗಕ್ಕೆ ಅಡ್ಡ. ಟಿವಿಗೆ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಅದನ್ನು ತೆಗೆದು ನೋಡಿ. ಯುಎಸ್‌ಬಿ 3 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ವೈಫೈಯನ್ನು ಕೆಡಿಸುತ್ತದೆ ಎಂದು ಇಂಟೆಲ್ 2012ರಲ್ಲೇ ದಾಖಲಿಸಿದೆ. ಮೈಕ್ರೋವೇವ್ ಓವನ್ ಕೂಡ ಅದೇ ತರಂಗದ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ.

ರೂಟರ್‌ನಿಂದ ಟಿವಿಗೆ ನೆಟ್‌ವರ್ಕ್ ಕೇಬಲ್ ಎಳೆಯಲು ಸಾಧ್ಯವಿದ್ದರೆ ಮಾತ್ರ ನನ್ನ ಮತ ಯಾವಾಗಲೂ ಕೇಬಲ್ ಕಡೆಗೇ. ಜಾಗ ಬಿಟ್ಟು ಕದಲದ ಸಾಧನಕ್ಕೆ ತಂತಿಗಿಂತ ನಂಬಿಕೆಯದು ಇನ್ನೊಂದಿಲ್ಲ. ಬಹಳಷ್ಟು ಟಿವಿಗಳ ಕೇಬಲ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್‌ಗೆ ಸೀಮಿತ, ಅದಕ್ಕೆ ಚಿಂತೆ ಬೇಡ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಸೂಚಿಸುವ ವೇಗ 15 ಮೆಗಾಬಿಟ್. ಕೇಬಲ್ ಪರೀಕ್ಷೆಯಾಗಿಯೂ ಉಪಯುಕ್ತ: ಕೇಬಲ್‌ನಲ್ಲಿ ಎಲ್ಲ ನಡೆದು, ರೂಟರಿನ ವೈಫೈಗೂ ಹಾಟ್‌ಸ್ಪಾಟಿಗೂ ಸೇರದಿದ್ದರೆ ದೋಷ ಟಿವಿಯ ವೈಫೈ ಭಾಗದ್ದೇ ಎಂಬುದು ಬಹುಮಟ್ಟಿಗೆ ಖಚಿತ. ಮೆನುವಿನಲ್ಲಿ ವೈಫೈ ಆಯ್ಕೆ ಮಸುಕಾಗಿ ಒತ್ತಲಾಗದಂತಿದ್ದರೆ, ಅಥವಾ ವೈಫೈ ಮ್ಯಾಕ್ ವಿಳಾಸದ (ವೈಫೈ ಭಾಗಕ್ಕೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆ) ಜಾಗ ಖಾಲಿ ಇಲ್ಲವೇ ಬರೀ ಸೊನ್ನೆ ಇದ್ದರೆ ಅದೂ ಇದನ್ನೇ ಹೇಳುತ್ತದೆ.

ಆಗ ಮೊದಲು ಮೆನುವಿನಲ್ಲಿ ನೆಟ್‌ವರ್ಕ್ ರೀಸೆಟ್ ಮಾಡಿ, ಕೇಬಲ್ ಮೂಲಕ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ನೀವು ಕೇಳಿದ ಫ್ಯಾಕ್ಟರಿ ರೀಸೆಟ್‌ನ ಸರದಿ ಬರುವುದು ಇವೆರಡರ ನಂತರ. ಅದಕ್ಕೂ ಬಗ್ಗದಿದ್ದರೆ ಸಿಕ್ಕ ಯುಎಸ್‌ಬಿ ವೈಫೈ ಡಾಂಗಲ್ ಕೊಳ್ಳಲು ಹೋಗಬೇಡಿ. ತಯಾರಕರೇ ಸೂಚಿಸಿದ್ದನ್ನು ಬಿಟ್ಟು ಬೇರೆ ಡಾಂಗಲ್‌ಗಳನ್ನು ಹೆಚ್ಚಿನ ಟಿವಿಗಳು ಗುರುತಿಸುವುದೇ ಇಲ್ಲ. ಎಚ್‌ಡಿಎಂಐಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಅದಕ್ಕಿಂತ ಎಷ್ಟೋ ಮೇಲು. ಅದಕ್ಕೆ ತನ್ನದೇ ವೈಫೈ, ತನ್ನದೇ ಆ್ಯಪ್‌ಗಳು ಇರುತ್ತವೆ. ಟಿವಿ ಬರೀ ಪರದೆಯಾಗಿ ಕೆಲಸ ಮಾಡಿದರೆ ಸಾಕು.

ಸರ್ವಿಸ್‌ನವರನ್ನೇ ಕರೆಯುವುದಾದರೆ ಹಾಟ್‌ಸ್ಪಾಟಿಗೆ ಸೇರಿತೋ ಇಲ್ಲವೋ, ಕೇಬಲ್‌ನಲ್ಲಿ ನಡೆಯಿತೋ ಇಲ್ಲವೋ, ಮ್ಯಾಕ್ ವಿಳಾಸ ಕಾಣುತ್ತದೋ ಇಲ್ಲವೋ, ಈ ಮೂರನ್ನು ಫೋನಿನಲ್ಲೇ ಹೇಳಿ. ಎಷ್ಟೋ ಮಾದರಿಗಳಲ್ಲಿ ವೈಫೈ ಮಾಡ್ಯೂಲ್ ಮೇನ್ ಬೋರ್ಡ್‌ನಿಂದ ಬೇರೆಯಾದ ಒಂದು ಪುಟ್ಟ ಬಿಡಿಭಾಗ. ಇಡೀ ಬೋರ್ಡ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ನಿಮ್ಮ ಮಾದರಿಯಲ್ಲಿ ಆ ಭಾಗವೊಂದನ್ನೇ ಬದಲಿಸಲು ಬರುತ್ತದೆಯೇ ಎಂದು ಕೇಳದೆ ಒಪ್ಪಬೇಡಿ.