13 ಜೆರ್ಸಿ ತೊಟ್ಟ ಮ್ಯಾಟ್ ಸ್ಟೇರ್ಸ್: ಒಬ್ಬ ಆಟಗಾರ ಇಷ್ಟು ಊರು ಸುತ್ತಿದ್ದು ಯಾಕೆ?

2008ರ ಅಕ್ಟೋಬರ್ 13. ಲಾಸ್ ಏಂಜಲೀಸ್‌ನ ಡಾಡ್ಜರ್ ಕ್ರೀಡಾಂಗಣ. ಅಮೆರಿಕದ ಬೇಸ್‌ಬಾಲ್‌ನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಪ್ರಶಸ್ತಿ ಸರಣಿಯ 4ನೇ ಪಂದ್ಯ. ಡಾಡ್ಜರ್ಸ್ ಮತ್ತು ಫಿಲಡೆಲ್ಫಿಯಾ ಫಿಲೀಸ್ 5–5ರಲ್ಲಿ ಸಮ. 8ನೇ ಇನಿಂಗ್ಸ್, ಇಬ್ಬರು ಔಟ್, ಒಬ್ಬ ಬೇಸ್ ಮೇಲಿದ್ದ. ಬ್ಯಾಟ್ ಮಾಡುವ ಸರದಿ ಫಿಲೀಸ್‌ನ ಪಿಚರ್‌ದು, ಅಂದರೆ ಚೆಂಡು ಎಸೆಯುವವನದು. ಅವನ ಬದಲಿಗೆ ಬೆಂಚಿನಿಂದ ಎದ್ದು ಬಂದದ್ದು 40 ವರ್ಷದ, ಗಿಡ್ಡಗೆ ದಪ್ಪಗಿದ್ದ ಒಬ್ಬ ಎಡಗೈ ಬ್ಯಾಟರ್. ಎದುರಿಗೆ ಡಾಡ್ಜರ್ಸ್‌ನ ಭಾರೀ ವೇಗದ ಪಿಚರ್ ಜೊನಾಥನ್ ಬ್ರಾಕ್ಸ್‌ಟನ್. ಹೊಡೆದ ಚೆಂಡು ರೈಟ್ ಫೀಲ್ಡ್ ಗ್ಯಾಲರಿಯ ಮೇಲೆಲ್ಲೋ ಹೋಗಿ ಬಿತ್ತು. ಹೋಮ್ ರನ್. ಬೇಸ್ ಮೇಲಿದ್ದವನದ್ದು ಒಂದು, ಹೊಡೆದವರದ್ದು ಒಂದು, ಒಟ್ಟು ಎರಡು ರನ್. 7–5. ಫಿಲೀಸ್ ಆ ಪಂದ್ಯ ಗೆದ್ದಿತು, ಸರಣಿ ಗೆದ್ದಿತು, ಕೊನೆಗೆ ಎರಡೂ ಲೀಗ್‌ನ ಚಾಂಪಿಯನ್ನರು ಎದುರಾಗುವ ವರ್ಲ್ಡ್ ಸೀರೀಸನ್ನೂ ಗೆದ್ದಿತು. 1980ರ ನಂತರ ಆ ಊರಿಗೆ ಸಿಕ್ಕ ಮೊದಲ ವರ್ಲ್ಡ್ ಸೀರೀಸ್ ಅದು.

ಹೊಡೆದವರು ಮ್ಯಾಟ್ ಸ್ಟೇರ್ಸ್. ಫಿಲೀಸ್‌ಗೆ ಬಂದು ಆರು ವಾರ ಆಗಿತ್ತು ಅಷ್ಟೇ. ಅದು ಅವರ 11ನೇ ತಂಡ. ಇನ್ನೂ ಎರಡು ತಂಡ ಬಾಕಿ ಇದ್ದವು.

ಇಂಥವರನ್ನು ಅಮೆರಿಕದಲ್ಲಿ ಜರ್ನಿಮ್ಯಾನ್ ಅಂತಾರೆ. ಈ ಪದಕ್ಕೂ ಪ್ರಯಾಣಕ್ಕೂ ಸಂಬಂಧ ಇಲ್ಲ. ಫ್ರೆಂಚ್‌ನಲ್ಲಿ ದಿನ ಎನ್ನುವುದಕ್ಕೆ ಇರುವ ಪದದಿಂದ ಬಂದದ್ದು. ಕಸುಬು ಪೂರ್ತಿ ಕಲಿತಿದ್ದಾನೆ, ಆದರೆ ಸ್ವಂತ ಅಂಗಡಿ ಇಲ್ಲ, ದಿನಗೂಲಿಗೆ ದುಡಿಯುತ್ತಾನೆ. ಹಳೇ ಕಾಲದಲ್ಲಿ ಅವನೇ ಜರ್ನಿಮ್ಯಾನ್. ಸ್ಟೇರ್ಸ್ ಬದುಕಿಗೆ ಈ ಮೂಲ ಅರ್ಥವೇ ಸರಿಯಾಗಿ ಹೊಂದುತ್ತದೆ. ಊರು ಸುತ್ತುವ ಆಸೆಯಿಂದ ಅವರು ಸುತ್ತಲಿಲ್ಲ. ಬೇಸ್‌ಬಾಲ್‌ನ ನಿಯಮಗಳು ಅವರನ್ನು ಸುತ್ತಿಸಿದವು. ಆ ನಿಯಮಗಳಿಗೆ ಉದ್ದದ ಇತಿಹಾಸ ಇದೆ.

ಒಂದು ಕಾಲದಲ್ಲಿ ಆಟಗಾರ ತಾನಾಗಿ ತಂಡ ಬದಲಿಸುವ ಹಾಗೇ ಇರಲಿಲ್ಲ. 1879ರಲ್ಲಿ ನ್ಯಾಷನಲ್ ಲೀಗ್‌ನ ಮಾಲೀಕರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ತಂಡ ಐದು ಆಟಗಾರರನ್ನು ಕಾದಿರಿಸಬಹುದು, ಅವರನ್ನು ಬೇರೆ ಯಾರೂ ಮುಟ್ಟಬಾರದು. ಬರಬರುತ್ತಾ ಅದು ಎಲ್ಲ ಆಟಗಾರರಿಗೂ ಬಂತು. ಇದೇ ರಿಸರ್ವ್ ಕ್ಲಾಸ್. ಕರಾರು ಮುಗಿದರೂ ಆಟಗಾರ ಅದೇ ತಂಡದ ಸ್ವತ್ತು. ತಂಡ ಮಾತ್ರ ಅವನನ್ನು ಯಾವಾಗ ಬೇಕಾದರೂ ಮಾರಬಹುದು, ಬಿಡಬಹುದು. ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವೇ ಅಲ್ಲ, ಹಾಗಾಗಿ ಏಕಸ್ವಾಮ್ಯ ತಡೆಯುವ ಕಾನೂನು ಇದಕ್ಕೆ ಅನ್ವಯಿಸುವುದಿಲ್ಲ ಎಂದು 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು.

ಇದನ್ನು ಎದುರಿಸಿ ನಿಂತವರು ಒಬ್ಬ ಔಟ್‌ಫೀಲ್ಡರ್. ಬೌಂಡರಿ ಕಡೆ ನಿಂತು ಎತ್ತರದ ಚೆಂಡು ಹಿಡಿಯುವ ಕೆಲಸ ಅದು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಕರ್ಟ್ ಫ್ಲಡ್ ಆ ಕೆಲಸದಲ್ಲಿ ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು 7 ಸಲ ಗೆದ್ದಿದ್ದರು. ಆ ತಂಡಕ್ಕೆ 12 ವರ್ಷ ದುಡಿದಿದ್ದರು. 1969ರ ಅಕ್ಟೋಬರ್‌ನಲ್ಲಿ ಅವರನ್ನು ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟರು. ಫ್ಲಡ್ ಹೋಗಲಿಲ್ಲ. ಕೊಂಡು ಮಾರುವ ಆಸ್ತಿ ನಾನಲ್ಲ ಎಂದು ಕಮಿಷನರ್ ಬೋವಿ ಕೂನ್‌ಗೆ ಪತ್ರ ಬರೆದರು. ಕೋರ್ಟಿಗೆ ಹೋದರು. 1970ರ ಇಡೀ ಸೀಸನ್ ಕಳೆದುಕೊಂಡರು. 1972ರಲ್ಲಿ ಸುಪ್ರೀಂ ಕೋರ್ಟ್ 5–3ರಲ್ಲಿ ಅವರ ವಿರುದ್ಧವೇ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರ ಆಟದ ಬದುಕು ಮುಗಿದೇ ಹೋಗಿತ್ತು. ಅವರ ಹೋರಾಟದ ಫಲ ಉಂಡವರು ಬೇರೆಯವರು. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಬೀಗ ಒಡೆದದ್ದು 1975ರ ಡಿಸೆಂಬರ್‌ನಲ್ಲಿ. ಆ್ಯಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳು ಆ ವರ್ಷ ಹೊಸ ಕರಾರಿಗೆ ಸಹಿ ಹಾಕಿರಲಿಲ್ಲ. ಸಹಿ ಇಲ್ಲದೆ ಒಂದು ವರ್ಷ ಕಳೆದ ಮೇಲೆ ಅವರು ಸ್ವತಂತ್ರರು ಎಂದು ಮಧ್ಯಸ್ಥಗಾರ ಪೀಟರ್ ಸೈಟ್ಜ್ ತೀರ್ಪು ಕೊಟ್ಟರು. ಆಗ ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ, ಎಲ್ಲರನ್ನೂ ಪ್ರತಿ ವರ್ಷ ಬಿಟ್ಟುಬಿಡೋಣ ಅಂದರು. ಸಂತೆಗೆ ಎಲ್ಲರೂ ಒಟ್ಟಿಗೆ ಬಂದರೆ ಬೆಲೆ ತಾನಾಗಿ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಹೆದರಿದ್ದೂ ಅದಕ್ಕೇ. ಪುಣ್ಯಕ್ಕೆ ಉಳಿದ ಮಾಲೀಕರು ಫಿನ್ಲಿ ಮಾತು ಕೇಳಲಿಲ್ಲ. 1976ರಲ್ಲಿ ಒಪ್ಪಂದ ಆಯಿತು: ಮೇಜರ್ ಲೀಗ್‌ನಲ್ಲಿ, ಅಂದರೆ ಆಟದ ಅತಿ ಮೇಲಿನ ಹಂತದಲ್ಲಿ, 6 ವರ್ಷ ಸೇವೆ ಮುಗಿಸಿದವರು ಸ್ವತಂತ್ರರು.

ಹದಿಹರೆಯದಲ್ಲೇ ಗುರುತಿಸಿಕೊಂಡ ಸ್ಟಾರ್‌ಗೆ ಈ 6 ವರ್ಷ ಬೇಗ ಮುಗಿಯುತ್ತದೆ. ತಡವಾಗಿ ಬೆಳಕಿಗೆ ಬಂದವನಿಗೆ ಹಾಗಲ್ಲ. ಅವನು ಸ್ವತಂತ್ರನಾಗುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಸ್ಟೇರ್ಸ್‌ಗೆ ಆಗಿದ್ದು ಇದೇ.

ಅವರು ಹುಟ್ಟಿದ್ದು 1968ರಲ್ಲಿ, ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸೇಂಟ್ ಜಾನ್‌ನಲ್ಲಿ. ಹಾಕಿ ಆಡುವ ಮಂಜಿನ ಸೀಮೆ. ಮಾಂಟ್ರಿಯಲ್ ಎಕ್ಸ್‌ಪೋಸ್ 1989ರಲ್ಲಿ ಅವರನ್ನು ಸೇರಿಸಿಕೊಂಡಿತು. ಆಗ ಅವರು ಬೇಸ್‌ಗಳ ಹತ್ತಿರ ನಿಂತು ಫೀಲ್ಡ್ ಮಾಡುವ ಇನ್‌ಫೀಲ್ಡರ್. 1991ರಲ್ಲಿ ಹ್ಯಾರಿಸ್‌ಬರ್ಗ್ ತಂಡಕ್ಕೆ ಆಡುತ್ತಾ ಕೆಳ ಹಂತದ ಈಸ್ಟರ್ನ್ ಲೀಗ್‌ನ ಶ್ರೇಷ್ಠ ಆಟಗಾರನಾದರು. ಆದರೂ ಮೇಜರ್ ಲೀಗ್‌ನಲ್ಲಿ ಅವಕಾಶ ಸಿಕ್ಕಿದ್ದು ಚೂರುಪಾರು. ಎತ್ತರ 5 ಅಡಿ 9 ಇಂಚು, ಗುಂಡು ಮೈ, ಓಟ ನಿಧಾನ. ಅಂಥವರ ಮೇಲೆ ಯಾರೂ ಸುಲಭಕ್ಕೆ ನಂಬಿಕೆ ಇಡುವುದಿಲ್ಲ, ಅಲ್ವಾ? 1993ರಲ್ಲಿ ಜಪಾನ್‌ಗೆ ಹೋಗಿ ನಗೋಯಾದ ಚುನಿಚಿ ಡ್ರಾಗನ್ಸ್‌ಗೆ ಆಡಿದರು. ವಾಪಸ್ ಬಂದು ಬಾಸ್ಟನ್‌ಗೆ, ಅಲ್ಲಿಂದ ಓಕ್ಲೆಂಡ್‌ಗೆ.

ಅವರ ಬ್ಯಾಟಿಗೆ ಬೆಲೆ ಕೊಟ್ಟದ್ದು ಓಕ್ಲೆಂಡ್. 1997ರಲ್ಲಿ, 29ನೇ ವಯಸ್ಸಿನಲ್ಲಿ, 27 ಹೋಮ್ ರನ್. ಮರುವರ್ಷ 26. 1999ರಲ್ಲಿ 38. ಅದೇ 1997ರ ಜನವರಿಯಲ್ಲಿ ಕರ್ಟ್ ಫ್ಲಡ್ 59ನೇ ವಯಸ್ಸಿಗೆ ತೀರಿಕೊಂಡಿದ್ದರು.

2000ದ ಕೊನೆಗೆ ಓಕ್ಲೆಂಡ್ ಅವರನ್ನು ಶಿಕಾಗೊ ಕಬ್ಸ್‌ಗೆ ಕೊಟ್ಟಿತು. ಅಲ್ಲಿ ಒಂದು ವರ್ಷ ಕಳೆದ ಮೇಲೆ ಕೊನೆಗೂ ಸ್ವತಂತ್ರ. ಆಗ ವಯಸ್ಸು 33. ಆ ವಯಸ್ಸಿನ, ಫೀಲ್ಡಿಂಗ್ ಅಷ್ಟಕ್ಕಷ್ಟೇ ಇರುವ ಬ್ಯಾಟರ್‌ಗೆ ಉದ್ದದ ಕರಾರು ಯಾರು ಕೊಡುತ್ತಾರೆ? 2002ರಲ್ಲಿ ಮಿಲ್ವಾಕಿ. 2003ರಲ್ಲಿ ಪಿಟ್ಸ್‌ಬರ್ಗ್. 2004ರಿಂದ ಕಾನ್ಸಸ್ ಸಿಟಿ, ಅಲ್ಲಿ ಎರಡೂವರೆ ವರ್ಷ ನೆಲೆ.

2006 ಅವರಿಗೆ ವಿಚಿತ್ರ ವರ್ಷ. ಜುಲೈ 31ಕ್ಕೆ ಟೆಕ್ಸಸ್, ಸೆಪ್ಟೆಂಬರ್ 15ಕ್ಕೆ ಡೆಟ್ರಾಯಿಟ್. ಆ ವರ್ಷ ಡೆಟ್ರಾಯಿಟ್ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು. ಸ್ಟೇರ್ಸ್ ಆಡುವಂತಿರಲಿಲ್ಲ. ಆಗಸ್ಟ್ 31ರ ಒಳಗೆ ತಂಡ ಸೇರಿದವರಷ್ಟೇ ಪ್ಲೇಆಫ್‌ಗೆ ಅರ್ಹರು. ಅವರು ಬಂದದ್ದು 15 ದಿನ ತಡವಾಗಿ.

ಎರಡು ವರ್ಷದ ನಂತರ ಅದೇ ನಿಯಮ ಅವರ ಕೈ ಹಿಡಿಯಿತು. ಆಗ ಅವರಿದ್ದ ಟೊರಾಂಟೊ ತಂಡ ಅವರನ್ನು ಬಿಟ್ಟುಕೊಟ್ಟಿತು. ಫಿಲೀಸ್‌ಗೆ ಬೆಂಚಿನಲ್ಲಿ ಒಬ್ಬ ಎಡಗೈ ಹೊಡೆತಗಾರ ಬೇಕಿತ್ತು. ವ್ಯವಹಾರ ಮುಗಿದದ್ದು 2008ರ ಆಗಸ್ಟ್ 30ಕ್ಕೆ. ಗಡುವಿಗೆ ಒಂದೇ ದಿನ ಉಳಿದಿತ್ತು. ಅದು ಎರಡು ದಿನ ಎಳೆದಿದ್ದರೆ ಲಾಸ್ ಏಂಜಲೀಸ್‌ನ ಆ ಹೋಮ್ ರನ್ ಇರುತ್ತಲೇ ಇರಲಿಲ್ಲ.

ಜನ ಆ ಹೊಡೆತವನ್ನು ಅದೃಷ್ಟ ಅಂತಾರೆ. ನಾನು ಒಪ್ಪುವುದಿಲ್ಲ. ಮೂರು ಗಂಟೆ ಸುಮ್ನೆ ಕೂತು, ಮೈ ತಣ್ಣಗಾದ ಮೇಲೆ, ಪಂದ್ಯದ ಅತಿ ಕಷ್ಟದ ಗಳಿಗೆಯಲ್ಲಿ ಎದ್ದು ಬಂದು ಒಂದೇ ಸರದಿ ಆಡಬೇಕು. ಪಿಂಚ್ ಹಿಟ್ಟರ್ ಕೆಲಸ ಅಂದರೆ ಇದು. ಈ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ. 2010ರ ಆಗಸ್ಟ್‌ನಲ್ಲಿ, ಸ್ಯಾನ್ ಡಿಯಾಗೊ ಪಾಡ್ರೆಸ್‌ಗೆ ಆಡುವಾಗ, ತಮ್ಮ 21ನೇ ಪಿಂಚ್ ಹಿಟ್ ಹೋಮ್ ರನ್ ಹೊಡೆದು ಕ್ಲಿಫ್ ಜಾನ್ಸನ್ ಅವರ ದಾಖಲೆ ಮುರಿದರು. ಕೊನೆಗೆ ಅದನ್ನು 23ಕ್ಕೆ ನಿಲ್ಲಿಸಿದರು.

13ನೇ ಜೆರ್ಸಿ ವಾಷಿಂಗ್ಟನ್ ನ್ಯಾಷನಲ್ಸ್‌ದು. ಇದು ಮಾಂಟ್ರಿಯಲ್‌ನಿಂದ 2005ರಲ್ಲಿ ಗುಳೆ ಹೋದ ಅದೇ ಎಕ್ಸ್‌ಪೋಸ್. ಹಾಗಾಗಿ 13 ತಂಡ ಅಂದರೂ ಸಂಸ್ಥೆಗಳು 12. ಮೊದಲು ಕೆಲಸ ಕೊಟ್ಟವರ ಹತ್ತಿರವೇ ಮರಳಿದಂತಾಯಿತು. 2011ರ ಆಗಸ್ಟ್ ಶುರುವಿನಲ್ಲಿ ಆ ತಂಡವೂ ಅವರನ್ನು ಬಿಟ್ಟಿತು. 19 ಸೀಸನ್, 1,895 ಪಂದ್ಯ, 265 ಹೋಮ್ ರನ್. 2015ರಲ್ಲಿ ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

ಆಮೇಲೆ ನಿಯಮ ಮತ್ತೆ ಬದಲಾಯಿತು. ಅಮೆರಿಕನ್ ಲೀಗ್‌ನಲ್ಲಿ 1973ರಿಂದಲೂ ಪಿಚರ್ ಬದಲು ಬ್ಯಾಟ್ ಮಾಡಲು ಬೇರೊಬ್ಬ ಇರುತ್ತಿದ್ದ. 2022ರಿಂದ ನ್ಯಾಷನಲ್ ಲೀಗ್‌ನಲ್ಲೂ ಅದೇ ಕಾಯಂ ಆಯಿತು. ಈಗ ಅಲ್ಲಿ ಪಿಚರ್ ಸರದಿ ಸಾಮಾನ್ಯವಾಗಿ ಬರುವುದಿಲ್ಲ. ಆ ಸರದಿಗೆಂದು ಬೆಂಚಿನ ತುದಿಯಲ್ಲಿ ಒಬ್ಬ ವಯಸ್ಸಾದ ಹೊಡೆತಗಾರನನ್ನು ಕೂರಿಸಿಕೊಳ್ಳುವ ತಂಡಗಳೂ ಕಡಿಮೆಯಾಗಿವೆ. 23ರ ದಾಖಲೆ ಇನ್ನೂ ಸ್ಟೇರ್ಸ್ ಹೆಸರಲ್ಲೇ ಇದೆ.