ಎದೆಯುರಿಯೇ ಇಲ್ಲ, ಗಂಟಲಿಗೆ ಆಸಿಡ್ ಹೇಗೆ ಬಂತು?

ಪ್ರಶ್ನೆ: ಕೆಲವು ತಿಂಗಳಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ. ದಿನವಿಡೀ ಕ್ಯಾಕರಿಸುತ್ತಲೇ ಇರುತ್ತೇನೆ. ಬೆಳಗ್ಗೆ ಎದ್ದಾಗ ದನಿ ಒಡೆದಿರುತ್ತದೆ. ಗಂಟಲು ನೋಡಿದ ವೈದ್ಯರು ‘ಸೈಲೆಂಟ್ ರಿಫ್ಲಕ್ಸ್’ ಎಂದು ಹೇಳಿ ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ನನಗೆ ಎದೆಯುರಿ, ಹುಳಿತೇಗು ಯಾವುದೂ ಇಲ್ಲ. ಮಾತ್ರೆಯಿಂದಲೂ ಹೆಚ್ಚೇನೂ ಆಗಿಲ್ಲ. ಇದು ನಿಜವಾಗಿಯೂ ಹೊಟ್ಟೆಯ ತೊಂದರೆಯೇ? ಮಾತ್ರೆ ಮುಂದುವರಿಸಲೇ?

ಉತ್ತರ: ಹೊಟ್ಟೆಯದೇ ಇರಬಹುದು, ಇಲ್ಲದೆಯೂ ಇರಬಹುದು. ಜಾರಿಕೊಳ್ಳಲು ಹೀಗೆ ಹೇಳುತ್ತಿಲ್ಲ. ಎದೆಯುರಿ ಇಲ್ಲ ಎಂಬುದು ರಿಫ್ಲಕ್ಸ್ (ಜಠರದ ರಸ ಮೇಲಕ್ಕೆ ಬರುವುದು) ಇಲ್ಲ ಎನ್ನಲು ಸಾಕ್ಷಿಯಲ್ಲ. ಹಾಗೆಯೇ, ಗಂಟಲು ಕೆಂಪಾಗಿದೆ ಎಂಬುದು ರಿಫ್ಲಕ್ಸ್ ಇದೆ ಎನ್ನಲೂ ಸಾಕ್ಷಿಯಲ್ಲ. ಮೊದಲನೆಯದನ್ನು ರೋಗಿಗಳು ನಂಬುವುದಿಲ್ಲ, ಎರಡನೆಯದನ್ನು ಕೆಲವು ವೈದ್ಯರೂ ಮರೆಯುತ್ತಾರೆ.

ಅನ್ನನಾಳಕ್ಕೆ ಎರಡು ಬಾಗಿಲುಗಳಿವೆ. ಕೆಳಗಿನದು ಜಠರ ಶುರುವಾಗುವಲ್ಲಿ, ಮೇಲಿನದು ಗಂಟಲಿಗೆ ಸೇರುವಲ್ಲಿ. ಎರಡೂ ಸ್ನಾಯುವಿನ ಬಿಗಿತದಿಂದಲೇ ಮುಚ್ಚಿಕೊಂಡಿರುತ್ತವೆ. ಕೆಳಗಿನ ಬಾಗಿಲು ಆಗಾಗ ಸಡಿಲಗೊಂಡು ಜಠರದ ರಸ ಸ್ವಲ್ಪ ಮೇಲಕ್ಕೆ ಬರುವುದು ಆರೋಗ್ಯವಂತರಲ್ಲೂ ದಿನಕ್ಕೆ ಹಲವು ಬಾರಿ ನಡೆಯುತ್ತದೆ. ಅದನ್ನು ಎದುರಿಸಲು ಅನ್ನನಾಳ ಸಜ್ಜಾಗಿಯೇ ಇದೆ. ಅದರ ಒಳಪದರ ದಪ್ಪ, ಬಂದದ್ದನ್ನು ಹಿಂಡಿ ಕೆಳಕ್ಕೆ ತಳ್ಳುವ ಚಲನೆ ಇದೆ, ನುಂಗಿದ ಎಂಜಲಿನಲ್ಲಿರುವ ಬೈಕಾರ್ಬೊನೇಟ್ ಹುಳಿಯನ್ನು ತಣಿಸುತ್ತದೆ. ಧ್ವನಿಪೆಟ್ಟಿಗೆಗೆ ಇಂಥ ರಕ್ಷಣೆ ತೀರಾ ಕಡಿಮೆ. ಹಾಗಾಗಿ ಅನ್ನನಾಳ ಗಮನಿಸದೆ ಬಿಟ್ಟುಬಿಡುವಷ್ಟು ಅಲ್ಪ ಪ್ರಮಾಣ, ಅದೂ ದ್ರವವಾಗಿ ಅಲ್ಲದೆ ಮಂಜಿನಂತೆ ಮೇಲಿನ ಬಾಗಿಲು ದಾಟಿದರೂ, ಸ್ವರತಂತುಗಳ ಸುತ್ತ ಕೆರಳಿಕೆಗೆ ಸಾಕಾಗಬಹುದು. ಎದೆ ಉರಿಯದೆಯೇ ದನಿ ಕೆಡುವುದು ಹೀಗೆ. ಅಮೆರಿಕದ ಗಂಟಲು ತಜ್ಞೆ ಜೇಮಿ ಕೌಫ್‌ಮನ್ 1991ರಲ್ಲಿ ಪ್ರಕಟಿಸಿದ 225 ರೋಗಿಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎದೆಯುರಿಯಂಥ ಲಕ್ಷಣವೇ ಇರಲಿಲ್ಲ. ನಿಮ್ಮ ಅನುಭವ ವಿಚಿತ್ರವೇನಲ್ಲ.

ಮಾತ್ರೆ ಏಕೆ ನಾಟಲಿಲ್ಲ ಎಂಬುದಕ್ಕೆ ಪೆಪ್ಸಿನ್ ಕಥೆ ತಿಳಿಯಬೇಕು. ಮೇಲಕ್ಕೆ ಬರುವುದು ಬರೀ ಆಸಿಡ್ ಅಲ್ಲ. ಜೊತೆಗೆ ಪ್ರೋಟೀನು ಜೀರ್ಣಿಸುವ ಕಿಣ್ವ ಪೆಪ್ಸಿನ್ ಬರುತ್ತದೆ, ಕೆಲವೊಮ್ಮೆ ಪಿತ್ತರಸವೂ. ಪೆಪ್ಸಿನ್ ಅತಿ ಚುರುಕಾಗಿರುವುದು ಪಿಎಚ್ 2ರ ಸುಮಾರಿನಲ್ಲಿ (ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಹುಳಿ ಕಡಿಮೆಯಾದಂತೆ ಮಂಕಾಗುತ್ತದೆ, ಪಿಎಚ್ 6.5 ದಾಟಿದರೆ ಸುಮ್ಮನಾಗುತ್ತದೆ. ಆದರೆ ಸಾಯುವುದಿಲ್ಲ. ಪಿಎಚ್ 8ರ ಆಸುಪಾಸಿನವರೆಗೂ ತನ್ನ ರೂಪ ಉಳಿಸಿಕೊಂಡು ಗಂಟಲ ಪದರದಲ್ಲಿ ಕೂತಿರಬಲ್ಲದು. ಮತ್ತೆ ಹುಳಿ ಸಿಕ್ಕಾಗ ಎಚ್ಚರಗೊಳ್ಳುತ್ತದೆ. ಆ ಹುಳಿ ಹೊಟ್ಟೆಯಿಂದಲೇ ಬರಬೇಕೆಂದಿಲ್ಲ, ಕುಡಿದ ಹುಳಿ ಪಾನೀಯದಿಂದಲೂ ಬರಬಹುದು ಎಂಬ ವಾದವಿದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆಗಳು ಜಠರ ಆಸಿಡ್ ತಯಾರಿಸುವುದನ್ನು ತಗ್ಗಿಸುತ್ತವೆ, ಅಷ್ಟೇ. ಬಾಗಿಲನ್ನು ಅವು ಬಿಗಿ ಮಾಡುವುದಿಲ್ಲ. ರಸ ಮೇಲೆ ಬರುವುದು, ಅದರೊಡನೆ ಪೆಪ್ಸಿನ್ ಕೂಡ, ಬರುತ್ತಲೇ ಇರುತ್ತದೆ, ಹುಳಿ ಮಾತ್ರ ಕಡಿಮೆ ಇರುತ್ತದೆ. ಕ್ಷಾರೀಯ ನೀರು ಕುಡಿದರೆ ಪೆಪ್ಸಿನ್ ನಾಶವಾಗುತ್ತದೆ ಎಂಬ ಪ್ರಚಾರವೂ ಇದೇ ಜಾಡು ಹಿಡಿದು ಬಂದದ್ದು. ಪ್ರಯೋಗಾಲಯದ ನಳಿಕೆಯಲ್ಲಿ ಹಾಗಾಗುವುದು ನಿಜ, ಆದರೆ ಗುಟುಕರಿಸಿದ ನೀರು ಗಂಟಲಲ್ಲಿ ನಿಲ್ಲುವುದು ಕ್ಷಣ ಮಾತ್ರ. ಅದಕ್ಕೆ ದುಡ್ಡು ಸುರಿಯಬೇಡಿ.

ಇನ್ನೊಂದು ಸಾಧ್ಯತೆಯನ್ನೂ ಮುಖಾಮುಖಿಯಾಗಬೇಕು: ನಿಮ್ಮದು ರಿಫ್ಲಕ್ಸ್ ಅಲ್ಲದೇ ಇರಬಹುದು. ಕ್ಯಾಮೆರಾ ಇಳಿಸಿ ನೋಡಿದಾಗ ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಾಗಿ ಊದಿಕೊಂಡಿದ್ದರೆ ರಿಫ್ಲಕ್ಸ್ ಎನ್ನುವ ರೂಢಿಯಿದೆ. ಅದೇ ಕೆಂಪು ಯಾವ ದೂರೂ ಇಲ್ಲದವರಲ್ಲೂ ಕಾಣುತ್ತದೆ. ಧೂಮಪಾನ, ಅಲರ್ಜಿ, ಬಿಡದೆ ಮಾತಾಡುವ ಕೆಲಸ, ಆಸ್ತಮಾಕ್ಕೆ ಎಳೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್, ಇವೆಲ್ಲವೂ ಗಂಟಲನ್ನು ಕೆರಳಿಸುತ್ತವೆ. ರಕ್ತದೊತ್ತಡಕ್ಕೆ ರಾಮಿಪ್ರಿಲ್, ಎನಾಲಪ್ರಿಲ್ ನುಂಗುವವರಿಗೆ ಒಣಕೆಮ್ಮು ಬರುವುದು ಗೊತ್ತಿರುವ ಸಂಗತಿ. ನೀವು ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಯಾರಾದರೂ ಕೇಳಿದರೇ? ಕೇಳದಿದ್ದರೆ ನೀವೇ ಹೇಳಿ.

ಕ್ಯಾಕರಿಸುವ ಅಭ್ಯಾಸ ಬೇರೆಯೇ ಒಂದು ರೋಗದಂತೆ ಬೆಳೆಯುತ್ತದೆ. ಪ್ರತಿ ಸಲ ಕ್ಯಾಕರಿಸಿದಾಗಲೂ ಸ್ವರತಂತುಗಳು ಬಲವಾಗಿ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಊತ, ಲೋಳೆ ಹೆಚ್ಚುತ್ತದೆ, ಮತ್ತೆ ಕ್ಯಾಕರಿಸಬೇಕೆನಿಸುತ್ತದೆ. ಮೊದಲ ಕಾರಣ ಯಾವತ್ತೋ ಹೋಗಿರಬಹುದು, ಸುತ್ತು ಮಾತ್ರ ನಿಲ್ಲುವುದಿಲ್ಲ. ಕ್ಯಾಕರಿಸಬೇಕೆನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ, ಇಲ್ಲವೇ ಎಂಜಲನ್ನೇ ಗಟ್ಟಿಯಾಗಿ ನುಂಗಿ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ, ಸ್ಪೀಚ್ ಥೆರಪಿಸ್ಟರು ಕಲಿಸುವುದರಲ್ಲಿ ಇದೂ ಒಂದು.

ಮಾತ್ರೆಯ ವಿಚಾರಕ್ಕೆ ಬಂದರೆ, 2021ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂತು. ಗಂಟಲಿನ ಇಂಥದೇ ದೂರುಗಳಿದ್ದ 346 ಜನರಲ್ಲಿ ಕೆಲವರಿಗೆ ಒಮೆಪ್ರಜೋಲ್ ಗುಂಪಿನದೇ ಆದ ಲ್ಯಾನ್ಸೊಪ್ರಜೋಲ್ ದಿನಕ್ಕೆ ಎರಡು ಬಾರಿ, ಉಳಿದವರಿಗೆ ಔಷಧಿಯಿಲ್ಲದ ಹುಸಿಮಾತ್ರೆ, 16 ವಾರ. ಎರಡೂ ಗುಂಪಿನವರಿಗೆ ಸ್ವಲ್ಪ ಆರಾಮವೆನಿಸಿತು, ಆದರೆ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಅಮೆರಿಕದ ಜಠರ-ಕರುಳು ತಜ್ಞರ ಸಂಘದ ಮಾರ್ಗಸೂಚಿ, ಎದೆಯುರಿ ಇಲ್ಲದೆ ಬರೀ ಗಂಟಲಿನ ದೂರಿದ್ದವರಿಗೆ ಮಾತ್ರೆಗೆ ಮೊದಲು ರಿಫ್ಲಕ್ಸ್ ಇದೆಯೇ ಎಂದು ಪರೀಕ್ಷಿಸಿ ಎಂದಿತು. ಎದೆಯುರಿಯೂ ಇದ್ದವರ ಲೆಕ್ಕ ಬೇರೆ. ಅವರಿಗೆ 8ರಿಂದ 12 ವಾರ ಮಾತ್ರೆ ಕೊಟ್ಟು ನೋಡುವುದಕ್ಕೆ ಅರ್ಥವಿದೆ. ಪರೀಕ್ಷೆಯೆಂದರೆ ಮೂಗಿನ ಮೂಲಕ ತೆಳ್ಳನೆಯ ತಂತಿಯೊಂದನ್ನು ಅನ್ನನಾಳಕ್ಕೆ ಇಳಿಸಿ, 24 ಗಂಟೆ ಏನು ಎಷ್ಟು ಬಾರಿ ಮೇಲಕ್ಕೆ ಬರುತ್ತದೆಂದು ಅಳೆಯುವುದು. ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಅಳತೆಯೂ ಇದ್ದರೆ ಹುಳಿಯಿಲ್ಲದ ರಿಫ್ಲಕ್ಸ್ ಕೂಡ ಪತ್ತೆಯಾಗುತ್ತದೆ. ಹಿತವಾದ ಅನುಭವವಲ್ಲ, ಆದರೆ ಊಹೆಯ ಮೇಲೆ ವರ್ಷಗಟ್ಟಲೆ ಮಾತ್ರೆ ನುಂಗುವುದಕ್ಕಿಂತ ವಾಸಿ.

ಅಷ್ಟರೊಳಗೆ ಮಾಡಬಹುದಾದದ್ದೂ ಇದೆ. ಮಲಗುವುದಕ್ಕೆ 3 ಗಂಟೆ ಮೊದಲೇ ಊಟ ಮುಗಿಸಿ. ನನ್ನ ಮಟ್ಟಿಗೆ ಉಳಿದೆಲ್ಲ ಸಲಹೆಗಳಿಗಿಂತ ಇದು ಮುಖ್ಯ. ಮಂಚದ ತಲೆಭಾಗವನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚುವುದೇ ಹೊರತು ಪ್ರಯೋಜನವಿಲ್ಲ. ಎಡಮಗ್ಗುಲಲ್ಲಿ ಮಲಗಿ. ಸೊಂಟದ ಸುತ್ತಳತೆ ಹೆಚ್ಚಿದ್ದರೆ ಇಳಿಸಿ, ಸಿಗರೇಟು ಬಿಡಿ. ಕಾಫಿ, ಚಾಕೊಲೇಟ್, ಮದ್ಯ ಎಲ್ಲರಿಗೂ ಒಂದೇ ರೀತಿ ತೊಂದರೆ ಕೊಡುವುದಿಲ್ಲ, ನಿಮಗೆ ಯಾವುದು ಆಗುವುದಿಲ್ಲವೋ ಅದನ್ನಷ್ಟೇ ಬಿಟ್ಟರೆ ಸಾಕು. ಊಟದ ನಂತರ ಕುಡಿಯುವ ಆಲ್ಜಿನೇಟ್ ಸಿರಪ್ ಜಠರದಲ್ಲಿರುವುದರ ಮೇಲೆ ತೇಲುವ ಪದರ ಕಟ್ಟುತ್ತದೆ. ಕೆಲವರಿಗೆ ಅದು ಹಿಡಿಸುತ್ತದೆ.

ದನಿ ಒಡೆದು 4 ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರು ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಲೇಬೇಕು. ನಿಮ್ಮ ವೈದ್ಯರು ನೋಡಿದ್ದು ಬಾಯಿ ತೆರೆಸಿ ಟಾರ್ಚಿನಲ್ಲೋ, ಕ್ಯಾಮೆರಾದಲ್ಲೋ ಎಂಬುದು ಇಲ್ಲಿ ಮುಖ್ಯ. ಟಾರ್ಚಿಗೆ ಸ್ವರತಂತು ಕಾಣುವುದಿಲ್ಲ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ, ಕತ್ತಿನಲ್ಲಿ ಗಂಟು, ಒಂದೇ ಕಿವಿಗೆ ಬಿಡದ ನೋವು, ಇವುಗಳಲ್ಲಿ ಒಂದಿದ್ದರೂ 4 ವಾರ ಕಾಯಬೇಡಿ.

ಇನ್ನು ಈಗ ನುಂಗುತ್ತಿರುವ ಮಾತ್ರೆ. ಅದನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳುತ್ತಿದ್ದೀರಾ? ಊಟವಾದ ಮೇಲೆ ನುಂಗುತ್ತಿದ್ದರೆ ಪೂರ್ತಿ ಕೆಲಸ ಮಾಡಿರುವುದಿಲ್ಲ. ಸರಿಯಾಗಿಯೇ 3 ತಿಂಗಳು ನುಂಗಿಯೂ ಗುಣ ಕಾಣದಿದ್ದರೆ ಡೋಸ್ ಏರಿಸುವ ಬದಲು ಪರೀಕ್ಷೆಯ ಬಗ್ಗೆ ಕೇಳಿ. ನಿಲ್ಲಿಸುವುದಾದರೆ ವೈದ್ಯರ ಜೊತೆ ಮಾತಾಡಿ ನಿಧಾನವಾಗಿ ಇಳಿಸಿ. ಬಹಳ ದಿನ ನುಂಗಿ ಥಟ್ಟನೆ ಬಿಟ್ಟರೆ ಕೆಲವು ವಾರ ಜಠರ ಮೊದಲಿಗಿಂತ ಹೆಚ್ಚು ಆಸಿಡ್ ತಯಾರಿಸಬಹುದು. ಇದುವರೆಗೆ ಇಲ್ಲದಿದ್ದ ಎದೆಯುರಿ ಆಗ ಕಾಣಿಸಿಕೊಂಡರೆ, ಕಾಯಿಲೆ ಮರುಕಳಿಸಿತೆಂದು ತಿಳಿದು ಮತ್ತೆ ಮಾತ್ರೆಗೆ ಕೈಹಾಕಬೇಡಿ.